ಮೂರನೇ ಪ್ಲಗ್ ತಿರುಗಲಿಲ್ಲ: ಮನೆಯಲ್ಲೇ ಸ್ಪಾರ್ಕ್ ಪ್ಲಗ್ ಬದಲಿಸಲು ಹೋದ ಒಂದು ಪ್ರಕರಣ

ಮೂರು ಸಿಲಿಂಡರಿನ ಸಣ್ಣ ಕಾರಿಗೆ ಪ್ಲಗ್ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಎಲ್ಲ ಸರಿಯಾಗಿ ನಡೆದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ. ಇಲ್ಲಿ ಹೇಳುತ್ತಿರುವ ಕಾರಿನ ಬಾನೆಟ್ ಮಾತ್ರ ಶನಿವಾರ ಮಧ್ಯಾಹ್ನ ತೆರೆದದ್ದು ಬುಧವಾರ ಸಂಜೆಯವರೆಗೆ ಸರಿಯಾಗಿ ಮುಚ್ಚಲೇ ಇಲ್ಲ. ನಡುವೆ ಒಂದಾದ ಮೇಲೊಂದು ಎಡವಟ್ಟು. ಆದರೂ ಇಂಜಿನ್ ಹೆಡ್ (ಪ್ಲಗ್ ತಿರುಪಿ ಕೂರಿಸುವ, ಇಂಜಿನ್ನಿನ ಮೇಲಿನ ಭಾಗ) ಉಳಿಯಿತು. ಯಾಕೆ ಉಳಿಯಿತು ಎನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರು ಮಡಿಕೇರಿ ತಾಲ್ಲೂಕಿನ ಒಂದು ಕಾಫಿ ತೋಟದ ಮನೆಯದು. ಕೆಲಸಕ್ಕೆ ಕೈ ಹಾಕಿದವರು ಇಬ್ಬರು, ತೋಟದ ಮಾಲೀಕರು ಮತ್ತು ಅವರ ಅಕ್ಕನ ಮಗ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ, ಆದರೆ ಹೆಸರು, ಊರು ಬೇಡ ಅಂದಿದ್ದಾರೆ. ಹಾಗಾಗಿ ಮಾವ, ಅಳಿಯ ಎಂದಷ್ಟೇ ಕರೆಯುತ್ತೇನೆ. ಕಾರಿನ ಕಂಪನಿಯ ಹೆಸರೂ ಇಲ್ಲ. ನಾನು ಗಾಡಿ ರಿಪೇರಿ ಕೆಲಸದವನು. ಮೊದಲು ಫೋನಿನಲ್ಲಿ ಸಿಕ್ಕಿಕೊಂಡೆ, ಆಮೇಲೆ ಸಾಮಾನು ಹಿಡಿದುಕೊಂಡು ಹೋದೆ.

ಹಿನ್ನೆಲೆ

ಒಂದು ಲೀಟರ್ ಪೆಟ್ರೋಲ್ ಇಂಜಿನ್, ಎಂಟು ವರ್ಷದ ಗಾಡಿ, ಓಡಿದ್ದು 60 ಸಾವಿರ ಕಿ.ಮೀ.ಗೂ ಜಾಸ್ತಿ. ಪ್ಲಗ್ ಒಮ್ಮೆಯೂ ಬದಲಾಗಿರಲಿಲ್ಲ. ಇಂಥ ಇಂಜಿನ್‌ಗೆ ಬರುವ ಮಾಮೂಲಿ ನಿಕಲ್ ಪ್ಲಗ್‌ಗಳನ್ನು 30ರಿಂದ 40 ಸಾವಿರ ಕಿ.ಮೀ.ಗೆ ಬದಲಿಸುವುದು ವಾಡಿಕೆ. ಇರಿಡಿಯಂ ಆದರೆ ಅದರ ಎರಡು ಪಟ್ಟಿಗೂ ಹೆಚ್ಚು ಬಾಳಿಕೆ. ನಿಮ್ಮ ಗಾಡಿಗೆ ಎಷ್ಟು ಅನ್ನುವುದು ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕವನ್ನು ನಮ್ಮಲ್ಲಿ ಯಾರೂ ತೆರೆಯುವುದಿಲ್ಲ, ಅದು ಬೇರೆ ಮಾತು.

ದಸರಾ ಮುಗಿದಿತ್ತು. ಆಯುಧಪೂಜೆಗೆ ಮೊದಲು ಮಾವ ಗಾಡಿಯನ್ನು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದರು. ಹುಡುಗರು ಬಾನೆಟ್ ಎತ್ತಿ ಪ್ರೆಷರ್ ಪೈಪಿನಲ್ಲಿ ಇಂಜಿನ್ ಪಳಪಳ ಅನ್ನಿಸಿ ಕಳಿಸಿದ್ದರು. ಪೂಜೆ ಆಯಿತು, ಚಕ್ರದ ಕೆಳಗೆ ನಿಂಬೆಹಣ್ಣೂ ಒಡೆಯಿತು. ಅದರ ಮರುವಾರದಿಂದ ಗಾಡಿ ಜರ್ಕ್ ಹೊಡೆಯಲು ಶುರು.

ಸಮತಟ್ಟಿನಲ್ಲಿ ಏನೂ ಇಲ್ಲ. ಕುಶಾಲನಗರದಿಂದ ಬರುವಾಗ ಸುಂಟಿಕೊಪ್ಪ ದಾಟಿ ಬೋಯಿಕೇರಿ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಗಾಡಿ ಮಿಸ್ಸಿಂಗ್, ಅಂದರೆ ಕಿಡಿ ತಪ್ಪಿ ಎಳೆತ ಬಿಟ್ಟು ಬಿಟ್ಟು ಬರುವುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಎರಡು ನಿಮಿಷವೂ ನಡುಕ. ಏರಿನಲ್ಲಿ ಮಾತ್ರ ಮಿಸ್ಸಿಂಗ್ ಬಂದರೆ ಮೊದಲು ಪ್ಲಗ್ ಮತ್ತು ಕಾಯಿಲ್ ಕಡೆ ನೋಡಬೇಕು. ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಿಸುವ ಕಿಡಿ ಪ್ಲಗ್ಗಿನದು, ಆ ಕಿಡಿಗೆ ವೋಲ್ಟೇಜ್ ಕೊಡುವುದು ಅದರ ತಲೆ ಮೇಲೆ ಕೂರುವ ಕಾಯಿಲ್. ಭಾರ ಎಳೆಯುವಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಕಿಡಿ ಹಾರಬೇಕಾದರೆ ವೋಲ್ಟೇಜ್ ಕೂಡ ಜಾಸ್ತಿ ಬೇಕು. ಪ್ಲಗ್ ಸವೆದು, ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ದೊಡ್ಡದಾಗಿದ್ದರೆ ಕಾಯಿಲ್ ಎಷ್ಟು ಕೊಟ್ಟರೂ ಸಾಲುವುದಿಲ್ಲ. ಪ್ಲಗ್ ಕೂರುವ ಗುಂಡಿಯಲ್ಲಿ ನೀರು ನಿಂತಿದ್ದರಂತೂ ಕಿಡಿ ಒಳಗೆ ಹಾರುವ ಬದಲು ಪ್ಲಗ್ಗಿನ ಪಿಂಗಾಣಿಯ ಹೊರಮೈ ಮೇಲೆ ಹರಿದು ಹೆಡ್‌ಗೆ ಇಳಿಯುತ್ತದೆ. ಈ ಗಾಡಿಯಲ್ಲಿ ಎರಡೂ ಇತ್ತು.

ಅರೇಬಿಕಾ ಕೊಯ್ಲು ಹತ್ತಿರ ಬರುತ್ತಿತ್ತು. ಗಾಡಿಯನ್ನು ಪೇಟೆಯಲ್ಲಿ ಬಿಟ್ಟು ಬಂದರೆ ಯಾವಾಗ ಕೈಗೆ ಸಿಗುತ್ತದೋ ಗೊತ್ತಿಲ್ಲ. ಅಳಿಯ ಇಂಜಿನಿಯರಿಂಗ್ ಓದುವ ಹುಡುಗ, ರಜೆಗೆ ಬಂದಿದ್ದ. ತೋಟದ ಕಳೆ ಹೊಡೆಯುವ ಮಿಷನ್ನಿನ ಪ್ಲಗ್ ಎಷ್ಟೋ ಸಲ ಬಿಚ್ಚಿ ಒರೆಸಿ ಹಾಕಿದ ಅನುಭವ ಇತ್ತು. "ನಾವೇ ಮಾಡುವ ಮಾವ, ಅದೇ ಪ್ಲಗ್ ಅಲ್ವಾ?" ಅಂದ. ಮಾವನಿಗೂ ಸರಿ ಅನ್ನಿಸಿತು. ಈ ತೀರ್ಮಾನ ತಪ್ಪು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಮಾಡಬಹುದಾದ ಕೆಲಸವೇ ಇದು.

ಆದರೆ ಅದೇ ಪ್ಲಗ್ ಅಲ್ಲ. ಕಳೆ ಮಿಷನ್ನಿನ ಪ್ಲಗ್ ಕಣ್ಣೆದುರಿಗೆ, ಹೊರಗೇ ಇರುತ್ತದೆ. ಅಡ್ಡ ಕೂತರೆ ಕಾಣುತ್ತದೆ. ಕಾರಿನದು ಗೇಣುದ್ದ ಗುಂಡಿಯ ತಳದಲ್ಲಿ, ಕತ್ತಲಲ್ಲಿ. ಅಲ್ಲಿ ಕೆಲಸ ಮಾಡುವುದು ಕಣ್ಣಲ್ಲ, ಬೆರಳು.

ಶನಿವಾರ

ಕಳೆ ಮಿಷನ್ನಿನ ಬಾಕ್ಸ್ ಪಾನಾ ಇದಕ್ಕೆ ದಪ್ಪ. ಇದಕ್ಕೆ ಬೇಕಾದದ್ದು 16 ಮಿ.ಮೀ. ಸಾಕೆಟ್. ಮಡಿಕೇರಿಯ ಅಂಗಡಿಯಿಂದ ಉದ್ದದ 16ರ ಸಾಕೆಟ್, ರ‍್ಯಾಚೆಟ್, ಎಕ್ಸ್‌ಟೆನ್ಷನ್ ರಾಡ್ ಮತ್ತು ಮೂರು ಪ್ಲಗ್ ತಂದರು. ಸಾಕೆಟ್ ಅಳತೆ ಸರಿ ಇತ್ತು, ಆದರೆ ಅದು ಪ್ಲಗ್ ಸಾಕೆಟ್ ಅಲ್ಲ. ಪ್ಲಗ್ ಸಾಕೆಟ್‌ನ ಒಳಗೆ ಒಂದು ರಬ್ಬರ್ ಅಥವಾ ಅಯಸ್ಕಾಂತ ಇರುತ್ತದೆ, ಅದು ಪ್ಲಗ್ಗನ್ನು ಹಿಡಿದುಕೊಂಡು ಮೇಲೆ ತರುತ್ತದೆ. ಇದರಲ್ಲಿ ಏನೂ ಇಲ್ಲ.

ಗಾಡಿ ಪೇಟೆಯಿಂದ ಬಂದು ನಿಂತು ಹತ್ತು ನಿಮಿಷವೂ ಆಗಿರಲಿಲ್ಲ, ಬಾನೆಟ್ ಎತ್ತಿದರು. ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ದು ಒಳ್ಳೆಯದಾಯಿತು. ಇಂಜಿನ್ ಬಿಸಿ ಇದ್ದದ್ದು ಒಳ್ಳೆಯದಲ್ಲ. ಹೆಡ್ ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ಬಿಸಿ ಹೆಡ್‌ನಲ್ಲಿ ಬಿಗಿಯಾಗಿ ಕೂತ ಪ್ಲಗ್ಗನ್ನು ತಿರುಗಿಸಿದರೆ ಮೆತ್ತಗಿರುವ ಅಲ್ಯೂಮಿನಿಯಂ ಥ್ರೆಡ್ ಕಿತ್ತುಕೊಂಡು ಬರುವ ಅಪಾಯ ಇರುತ್ತದೆ. ಇಂಜಿನ್ ಕೈ ಇಟ್ಟರೆ ತಣ್ಣಗೆ ಅನ್ನಿಸುವವರೆಗೆ ಕಾಯಬೇಕು.

ಮೊದಲ ಎಡವಟ್ಟು ಸಣ್ಣದು. ಒಂದನೇ ಕಾಯಿಲ್‌ನ ಕನೆಕ್ಟರ್ ಲಾಕ್ ಮುರಿಯಿತು. ಎಂಟು ವರ್ಷ ಇಂಜಿನ್ ಶಾಖದಲ್ಲಿ ಬೆಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ. ಕನೆಕ್ಟರನ್ನು ಮೊದಲು ಒಳಗೆ ಸ್ವಲ್ಪ ದೂಡಿ, ಲಾಕ್ ಸಡಿಲ ಮಾಡಿ, ಆಮೇಲೆ ಒತ್ತಿ ಎಳೆಯಬೇಕು. ಇವರು ನೇರ ಎಳೆದರು. ಕೊನೆಗೆ ಒಂದು ಕೇಬಲ್ ಟೈ ಕಟ್ಟಿದೆವು, ಇವತ್ತಿಗೂ ಹಾಗೇ ಇದೆ.

ಒಂದನೇ ಪ್ಲಗ್ ಸುಲಭವಾಗಿ ಸಡಿಲವಾಯಿತು. ಸಾಕೆಟ್ ಮೇಲೆ ಬಂತು, ಪ್ಲಗ್ ಬರಲಿಲ್ಲ. ಅಳಿಯ ತಲೆ ಓಡಿಸಿ, ಕಾಯಿಲ್ಲನ್ನೇ ಮತ್ತೆ ಇಳಿಸಿ, ಅದರ ರಬ್ಬರ್ ಬೂಟ್‌ನಿಂದ, ಅಂದರೆ ಪ್ಲಗ್ ತಲೆಗೆ ಕೂರುವ ರಬ್ಬರ್ ಕೊಳವೆಯಿಂದ, ಪ್ಲಗ್ಗನ್ನು ಕಚ್ಚಿಸಿ ಎತ್ತಿದ. ಇದು ಒಳ್ಳೆಯ ಉಪಾಯ, ನಾವೂ ಮಾಡುತ್ತೇವೆ. ಆ ಜಾಗಕ್ಕೆ ಹೊಸ ಪ್ಲಗ್ ಹಾಕಿ ಬಿಗಿಮಾಡಿದ.

ಎರಡನೆಯದರಲ್ಲಿ ಆ ಬೂಟೇ ಕೈಕೊಟ್ಟಿತು. ಕಾಯಿಲ್ ಎಳೆದಾಗ ರಬ್ಬರ್ ಅರ್ಧಕ್ಕೆ ಹರಿದು ಕೆಳಗಿನ ತುಂಡು ಪ್ಲಗ್ ಮೇಲೇ ಉಳಿಯಿತು. ವರ್ಷಗಟ್ಟಲೆ ಒಂದೇ ಕಡೆ ಕೂತ ರಬ್ಬರ್ ಪಿಂಗಾಣಿಗೆ ಅಂಟಿಕೊಂಡಿರುತ್ತದೆ. ಕಾಯಿಲ್ಲನ್ನು ಮೊದಲು ಎಡಕ್ಕೆ ಬಲಕ್ಕೆ ಕಾಲು ಸುತ್ತು ತಿರುಗಿಸಿ ಅಂಟು ಬಿಡಿಸಬೇಕು, ಆಮೇಲೆ ಎಳೆಯಬೇಕು. ಉದ್ದ ಮೂತಿಯ ನೋಸ್ ಪ್ಲೈಯರ್‌ನಿಂದ ತುಂಡನ್ನು ಹೊರಗೆ ತೆಗೆದರು. ಬೂಟ್ ಒಳಗೆ ಒಂದು ಸ್ಪ್ರಿಂಗ್ ಇರುತ್ತದೆ. ಅದು ಕಳೆದರೆ ಕಾಯಿಲ್ ಇದ್ದೂ ಇಲ್ಲದ ಹಾಗೆ. ಇವರು ಅದನ್ನು ಜೋಪಾನ ಮಾಡಿದ್ದರು. ಆ ಗುಂಡಿಯ ಪ್ಲಗ್ ಬಂತು, ಹೊಸದು ಕೂತಿತು.

ಇನ್ನು ಮೂರನೆಯದು. ಕಾಯಿಲ್ ಎತ್ತಿ ಟಾರ್ಚ್ ಬಿಟ್ಟರೆ ತಳದಲ್ಲಿ ಕಂದು ನೀರು, ಸುತ್ತ ತುಕ್ಕಿನ ಪುಡಿ. ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಆ ಕಡೆ ಬಿರುಕು ಬಿಟ್ಟಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಹೇಗೆ ಅಂತ ಹೇಳಬೇಕಾಗಿಲ್ಲ. ಹನಿ ಹನಿಯಾಗಿ ಮೂರನೇ ಕಾಯಿಲ್ ಮೇಲೇ ಬಿದ್ದು, ಗಟ್ಟಿಯಾದ ಸೀಲ್ ಪಕ್ಕದಿಂದ ಇಳಿದಿದೆ. ಅದರ ಮೇಲೆ ಪ್ರೆಷರ್ ವಾಷ್ ಬೇರೆ.

ಇಲ್ಲಿ ಇವರು ಸರಿಯಾದದ್ದನ್ನೇ ಮಾಡಿದರು. ಕಡ್ಡಿಗೆ ಬಟ್ಟೆ ಸುತ್ತಿ ನೀರು ಹೀರಿಸಿ, ಸೈಕಲ್ ಪಂಪಿನಿಂದ ಊದಿ, ಆಮೇಲೆ ಪಾನಾ ಹಾಕಿದರು. ನೀರಿಗಿಂತ ಆ ತುಕ್ಕಿನ ಪುಡಿಯದ್ದೇ ಭಯ. ಪ್ಲಗ್ ಎತ್ತಿದ ಕ್ಷಣ ಅದು ಸಿಲಿಂಡರಿನೊಳಗೆ ಬೀಳುತ್ತದೆ. ಊದುವಾಗ ಕಣ್ಣಿಗೆ ಕನ್ನಡಕ ಇರಲಿ.

ಪ್ಲಗ್ ಅರ್ಧ ಸುತ್ತು ತಿರುಗಿತು. ಕಿರ್ರ್ ಅಂತ ಸದ್ದು ಮಾಡಿ ನಿಂತಿತು.

ಪೈಪ್ ಕೈಗೆ ಬಂದಾಗ

ಈ ಪ್ರಕರಣದ ಗಂಟು ಇಲ್ಲೇ ಇದೆ. ಅಳಿಯ ಎರಡು ಕೈ ಹಾಕಿದ, ಬರಲಿಲ್ಲ. ಮಾವ ಹೋಗಿ ಹಳೆ ಗೇಟಿನ ಜಿಐ ಪೈಪ್ ತುಂಡು ತಂದರು. ರ‍್ಯಾಚೆಟ್ ಹಿಡಿಗೆ ಪೈಪ್ ತೂರಿಸಿದರೆ ಹಿಡಿ ಉದ್ದವಾಗುತ್ತದೆ, ಬಲ ಎರಡು ಮೂರು ಪಟ್ಟು ಆಗುತ್ತದೆ. ಟ್ರ್ಯಾಕ್ಟರ್ ಚಕ್ರದ ನಟ್‌ಗೆ ನಾವು ದಿನಾ ಮಾಡುವುದು ಇದನ್ನೇ.

ಪೈಪ್ ತೂರಿಸಿ ಆಗಿತ್ತು. ಅಳಿಯನಿಗೆ ಯಾಕೋ ಸಮಾಧಾನ ಆಗಲಿಲ್ಲ. "ಮಾವ, ಒಂದು ನಿಮಿಷ ನಿಲ್ಲಿ, ಕೇಳಿಬಿಡುವ" ಅಂತ ಕಣದ ಮೂಲೆಗೆ ಹೋದ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಫೋನ್ ನನಗೆ ಬಂತು.

ನಾನು ಕೇಳಿದ್ದು ಒಂದೇ: ಮೊದಲು ಸಡಿಲವಾಗಿ ಆಮೇಲೆ ಬಿಗಿಯಾಯಿತೋ, ಶುರುವಿನಿಂದಲೇ ಬಿಗಿಯೋ? ಉತ್ತರದ ಮೇಲೆ ಎಲ್ಲ ನಿಂತಿದೆ. ಶುರುವಿನಿಂದ ಬಿಗಿ ಇದ್ದರೆ ಹಿಂದೆ ಯಾರೋ ಅತಿಯಾಗಿ ಬಿಗಿಮಾಡಿರಬಹುದು. ಸಡಿಲವಾಗಿ ಆಮೇಲೆ ಬಿಗಿಯಾದರೆ ಥ್ರೆಡ್ ನಡುವೆ ಏನೋ ಸಿಕ್ಕಿಕೊಂಡಿದೆ ಅಂತ ಅರ್ಥ. ಮೇಲಿಂದ ಇಳಿದ ತುಕ್ಕು ಇರಬಹುದು, ಕೆಳತುದಿಯ ಥ್ರೆಡ್ ಮೇಲೆ ಕೂತ ಕಾರ್ಬನ್ ಇರಬಹುದು. ಆಗ ಬಲ ಹಾಕಿದಷ್ಟೂ ಆ ಪುಡಿ ಅಲ್ಯೂಮಿನಿಯಂ ಅನ್ನು ಕೊರೆಯುತ್ತದೆ. ಪೈಪ್ ಹಾಕಿ ಜಗ್ಗಿದ್ದರೆ ಎರಡರಲ್ಲಿ ಒಂದು ಆಗುತ್ತಿತ್ತು. ಪ್ಲಗ್ ಕುತ್ತಿಗೆಗೆ ಮುರಿದು ಕೆಳಭಾಗ ಹೆಡ್‌ನಲ್ಲೇ ಉಳಿಯುತ್ತಿತ್ತು, ಇಲ್ಲ ಪ್ಲಗ್ ಜೊತೆ ಹೆಡ್‌ನ ಥ್ರೆಡ್ಡೂ ಸುರುಳಿ ಬಿಚ್ಚಿ ಬರುತ್ತಿತ್ತು. ಎರಡಕ್ಕೂ ಮದ್ದು ಲೇತ್ ಕೆಲಸ ಗೊತ್ತಿರುವವರ ಹತ್ತಿರ. ತೂತನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಹೆಲಿಕಾಯಿಲ್ (ಥ್ರೆಡ್ ಆಗಿ ಕೂರುವ ಸುರುಳಿ ತಂತಿ) ಅಥವಾ ಬುಷ್ ಕೂರಿಸಬೇಕು. ಎಷ್ಟೋ ಸಲ ಹೆಡ್ಡೇ ಇಳಿಸಬೇಕಾಗುತ್ತದೆ.

ಅಳಿಯ "ಅರ್ಧ ಸುತ್ತು ಸಲೀಸಾಗಿ ಬಂತು, ಆಮೇಲೆ ನಿಂತಿತು" ಅಂದ. ಹಾಗಾದರೆ ಬಿಚ್ಚುವ ಮಾತು ಸದ್ಯಕ್ಕೆ ಬೇಡ, ಬಂದ ಅರ್ಧ ಸುತ್ತನ್ನು ವಾಪಸ್ ಒಳಗೆ ಕೊಡು ಎಂದೆ. ಬಿಚ್ಚಬೇಕಾದ್ದನ್ನು ಬಿಗಿಮಾಡು ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಮಾವ ಹಿಂದಿನಿಂದ "ಇದೆಂಥ ಮಾರಾಯ, ಉಲ್ಟಾ ಹೇಳ್ತಾನೆ" ಅಂದದ್ದು ಫೋನಿನಲ್ಲೇ ಕೇಳಿಸಿತು. ಆದರೆ ಸಿಕ್ಕಿಕೊಂಡ ಪುಡಿ ಬಿಡುವುದು ಹಾಗೇ. ಸ್ವಲ್ಪ ಒಳಗೆ, ಸ್ವಲ್ಪ ಹೊರಗೆ.

ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ. ಗುಂಡಿಯ ತಳ ಒದ್ದೆಯಾಗುವಷ್ಟು ಹೊಡೆದು, ಕಾಯಿಲ್ ಹಾಕದೆ, ಗುಂಡಿಯ ಬಾಯಿಗೆ ಶುದ್ಧ ಬಟ್ಟೆ ತುರುಕಿ, ರಾತ್ರಿ ಹಾಗೇ ಬಿಡಲು ಹೇಳಿದೆ. ಇಂಜಿನ್ ಕೂಡ ಅಷ್ಟರಲ್ಲಿ ಪೂರ್ತಿ ತಣ್ಣಗಾಗುತ್ತದೆ. ಎಣ್ಣೆ ಥ್ರೆಡ್ ಸಂದಿಗೆ ಇಳಿಯಲು ಹೊತ್ತು ಬೇಕು. ಐದು ನಿಮಿಷ ಬಿಟ್ಟು ನೋಡುವವರೇ ಜಾಸ್ತಿ.

ಭಾನುವಾರ, ಸೋಮವಾರ

ಬೆಳಿಗ್ಗೆ ಮತ್ತೊಮ್ಮೆ ಸ್ಪ್ರೇ. ಎಂಟನೇ ಒಂದು ಸುತ್ತು ಹೊರಗೆ, ಬಿಗಿ ಅನ್ನಿಸಿದ ಕೂಡಲೇ ವಾಪಸ್. ಮತ್ತೆ ಕಾಲು ಸುತ್ತು, ವಾಪಸ್. ಪೈಪ್ ಇಲ್ಲ, ಬರೀ ರ‍್ಯಾಚೆಟ್. ಕಿರುಗುಡುವ ಸದ್ದು ಬಂದಾಗಲೆಲ್ಲ ಇನ್ನೊಂದು ಸಲ ಸ್ಪ್ರೇ. ಕಾಫಿ ಕುಡಿದು ಬಂದು ಮತ್ತೆ. ಮಧ್ಯಾಹ್ನ ಊಟದ ಹೊತ್ತಿಗೆ ಪ್ಲಗ್ ಹೊರಗೆ ಬಂತು.

ಅದರ ಫೋಟೋ ಕಳಿಸಿದ್ದರು. ಷಟ್ಕೋನದ ಭಾಗ ಪೂರ್ತಿ ತುಕ್ಕು. ತುದಿಯ ಎರಡು ಮೂರು ಥ್ರೆಡ್‌ನಲ್ಲಿ ಕಪ್ಪು ಕಾರ್ಬನ್ ಕಲ್ಲಿನ ಹಾಗೆ ಕೂತಿದೆ. ನಡುವಿನ ಒಂದು ಕಡೆ ಬೆಳ್ಳಗೆ ಮಿಂಚುವ ಸಣ್ಣ ಎಳೆ. ಅದು ಹೆಡ್‌ನ ಅಲ್ಯೂಮಿನಿಯಂ, ಸ್ವಲ್ಪವೇ ಸ್ವಲ್ಪ. ಕಿಡಿ ಹಾರುವ ತುದಿಯ, ಅಂದರೆ ಎಲೆಕ್ಟ್ರೋಡ್‌ನ, ಮೂಲೆಗಳು ಸವೆದು ದುಂಡಗಾಗಿದ್ದವು. ಆಮೇಲೆ ನಾನು ಅಳೆದಾಗ ಗ್ಯಾಪ್ 1.3 ಮಿ.ಮೀ. ಹತ್ತಿರ ಬಂತು. ಆ ಗಾಡಿಗೆ ಇರಬೇಕಾದದ್ದು 1.0ರ ಆಸುಪಾಸು. ಏರಿನಲ್ಲಿ ಮಿಸ್ಸಿಂಗ್ ಬರದೆ ಇರುತ್ತದಾ?

ಹಳೇ ಪ್ಲಗ್ಗುಗಳನ್ನು ಮೊಟ್ಟೆ ಟ್ರೇಯಲ್ಲಿ ಒಂದು, ಎರಡು, ಮೂರು ಅಂತ ಗುರುತು ಹಾಕಿ ಇಟ್ಟಿದ್ದರು. ಇದು ಮಾವನ ಶಿಸ್ತು. ಈ ಅಭ್ಯಾಸ ಎರಡು ದಿನ ಬಿಟ್ಟು ಕೆಲಸಕ್ಕೆ ಬಂತು.

ಹಳೆಯದು ಬಂದ ಖುಷಿಯಲ್ಲಿ ಅಳಿಯ ಹೊಸ ಪ್ಲಗ್ಗನ್ನು ಸಾಕೆಟ್‌ಗೆ ಇಟ್ಟು ರ‍್ಯಾಚೆಟ್‌ನಿಂದಲೇ ತಿರುಗಿಸಿದ. ಎರಡು ಸುತ್ತು ಹೋಯಿತು, ಬಿಗಿಯಾಯಿತು. ಇನ್ನೂ ಎಷ್ಟೋ ಸುತ್ತು ಬಾಕಿ ಇರುವಾಗ ಬಿಗಿ. ಈ ಸಲ ಕೈ ಹಿಡಿದು ನಿಲ್ಲಿಸಿದ್ದು ಮಾವ. ಹಿಂದಿನ ದಿನ ಪೈಪ್ ತಂದವರೇ "ಸಾಕು, ನಿಲ್ಲಿಸು" ಅಂದರು. ನನ್ನ ಲೆಕ್ಕದಲ್ಲಿ ಹೆಡ್ ಉಳಿದದ್ದು ಈ ಎರಡು ಸಲ ನಿಲ್ಲಿಸಿದ್ದರಿಂದ. ಸ್ಪ್ರೇ, ಉಪಾಯ ಎಲ್ಲ ಆಮೇಲಿನದು.

ಈಗ ಪ್ರಶ್ನೆ: ಪ್ಲಗ್ ಅಡ್ಡ ಕೂತು ಕ್ರಾಸ್ ಥ್ರೆಡ್ ಆಗಿದೆಯೋ, ಅಥವಾ ತೂತಿನ ಥ್ರೆಡ್ಡೇ ಕೆಟ್ಟಿದೆಯೋ? ಇದನ್ನು ತಿಳಿಯಲು ದುಡ್ಡಿಲ್ಲದ ಒಂದು ದಾರಿ ಇದೆ. ಗೇಣುದ್ದಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಪೈಪ್ ತುಂಡು, ರಬ್ಬರಿನದು. ಒಂದು ತುದಿಯನ್ನು ಪ್ಲಗ್ಗಿನ ಪಿಂಗಾಣಿ ತಲೆಗೆ ಸಿಕ್ಕಿಸಿ ಗುಂಡಿಗೆ ಇಳಿಸಿ. ಮೊದಲು ಬಿಚ್ಚುವ ದಿಕ್ಕಿಗೆ ನಿಧಾನ ತಿರುಗಿಸಿ. ಒಂದು ಕಡೆ ಟಿಕ್ ಅಂತ ಪ್ಲಗ್ ಸ್ವಲ್ಪ ಕೆಳಗೆ ಕೂರುವುದು ಬೆರಳಿಗೆ ಗೊತ್ತಾಗುತ್ತದೆ. ಎರಡು ಥ್ರೆಡ್‌ನ ಬಾಯಿ ಎದುರಾದದ್ದು ಅಲ್ಲಿ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಪ್ಲಗ್ ತಾನಾಗಿ ಇಳಿಯುತ್ತದೆ. ಎಲ್ಲಾದರೂ ಅಡ್ಡ ಸಿಕ್ಕಿದರೆ ಪೈಪೇ ಜಾರುತ್ತದೆ, ಥ್ರೆಡ್ ಹಾಳಾಗುವಷ್ಟು ಬಲ ಅದರಿಂದ ಬರುವುದಿಲ್ಲ.

ಅದನ್ನು ಮೊದಲು ಎರಡನೇ ಗುಂಡಿಯಲ್ಲಿ ಮಾಡಲು ಹೇಳಿದೆ. ಸರಿ ಇರುವ ತೂತು ಹೇಗಿರುತ್ತದೆ ಅಂತ ಬೆರಳಿಗೆ ಗೊತ್ತಾಗಲಿ ಅಂತ. ಅಲ್ಲಿ ಪ್ಲಗ್ ವಾಷರ್ ಮುಟ್ಟುವವರೆಗೆ ಬೆರಳಲ್ಲೇ ಇಳಿಯಿತು. ಮೂರನೆಯದರಲ್ಲಿ ಎಷ್ಟು ಸಲ ಮಾಡಿದರೂ ಎರಡು ಸುತ್ತಿಗೆ ಪೈಪ್ ಜಾರಿತು. ಹಾಗಾಗಿ ಅಡ್ಡ ಕೂತದ್ದಲ್ಲ, ಥ್ರೆಡ್ ಒಳಗೆ ಕಸ ಅಥವಾ ಮಡಚಿದ ಅಂಚು ಇದೆ ಅಂತ ಖಾತ್ರಿಯಾಯಿತು.

ಮಾವ ಹಾರ್ಡ್‌ವೇರ್ ಅಂಗಡಿಯಿಂದ ಟ್ಯಾಪ್ ತರಲೇ ಅಂದರು. ಬೇಡ ಎಂದೆ. ಟ್ಯಾಪ್ ಹೊಸ ಥ್ರೆಡ್ ಕೊರೆಯುವ ಸಾಮಾನು. ಸ್ವಲ್ಪ ಓರೆ ಹೊಕ್ಕರೆ ಇರುವ ಥ್ರೆಡ್ಡನ್ನೇ ಕತ್ತರಿಸುತ್ತದೆ. ಬೇಕಾದದ್ದು ಥ್ರೆಡ್ ಚೇಸರ್, ಇರುವ ಥ್ರೆಡ್ಡನ್ನು ಶುದ್ಧ ಮಾಡುವಂಥದ್ದು. ಈ ಪ್ಲಗ್ಗಿನ ಅಳತೆ 14 ಮಿ.ಮೀ., ಪಿಚ್ (ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಇರುವ ಅಂತರ) 1.25. ಸೋಮವಾರ ಅದನ್ನು ಹಿಡಿದುಕೊಂಡು ಹೋದೆ. ಬರುವಾಗ ಹಳೆಯ ಕಾಯಿಲ್ ಒಂದರ ಬೂಟನ್ನೂ ತಂದಿದ್ದೆ, ಎರಡನೇ ಕಾಯಿಲ್‌ಗೆ ಅದು ಸರಿಯಾಗಿ ಕೂತಿತು.

ಚೇಸರ್ ಕೆಲಸ ನಿಧಾನದ್ದು. ಪಿಸ್ಟನ್ ಮೇಲೆ ಇಲ್ಲದ ಹಾಗೆ ಇಂಜಿನ್ ತಿರುಗಿಸಿಟ್ಟುಕೊಂಡೆ. ಚೇಸರ್‌ನ ಸಂದಿಗಳಲ್ಲಿ ಗ್ರೀಸ್ ತುಂಬಿ, ಬೆರಳಲ್ಲಿ ಹಿಡಿಸಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹೊರಗೆ ತೆಗೆದು ಒರೆಸಿದರೆ ಗ್ರೀಸಿನಲ್ಲಿ ಕಪ್ಪು ಪುಡಿ, ನಡುವೆ ಮಿಂಚುವ ಚೂರು. ಮತ್ತೆ ಹೊಸ ಗ್ರೀಸ್. ಪುಡಿ ಬರುವುದು ನಿಲ್ಲುವವರೆಗೆ ಇದೇ. ಆಮೇಲೆ ಗುಂಡಿ ಊದಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಕಾಯಿಲ್ ಕನೆಕ್ಟರ್‌ಗಳನ್ನು ಬಿಚ್ಚಿಟ್ಟು, ಬ್ಯಾಟರಿ ಜೋಡಿಸಿ, ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಸಿದೆ. ಉಳಿದ ಚೂರು ಇದ್ದರೆ ಗಾಳಿಯ ಜೊತೆ ಹೊರಗೆ ಬರಲಿ ಅಂತ. ಆಗ ಯಾರೂ ಗುಂಡಿಯ ಮೇಲೆ ಮುಖ ಇಡಬಾರದು.

ಈಗ ಪೈಪ್ ತುಂಡಿನಲ್ಲಿ ಪ್ಲಗ್ ತಳದವರೆಗೆ ಇಳಿಯಿತು. ತಿರುಗಿಸಿದ್ದು ಅಳಿಯನೇ. ಕೊನೆಯ ಬಿಗಿತ ಸಾಕೆಟ್‌ನಿಂದ. ಟಾರ್ಕ್ ಪಾನಾ (ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವಂಥದ್ದು) ಇದ್ದರೆ 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸುಮಾರು 25ರಿಂದ 30 ನ್ಯೂಟನ್ ಮೀಟರ್. ಇಲ್ಲದಿದ್ದರೆ ವಾಷರ್ ಇರುವ ಹೊಸ ಪ್ಲಗ್ ಬೆರಳಲ್ಲಿ ಪೂರ್ತಿ ಕೂತ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು. ಆ ಅರ್ಧ ಸುತ್ತಿನಲ್ಲಿ ವಾಷರ್ ಚಪ್ಪಟೆಯಾಗುವುದು ಕೈಗೆ ತಿಳಿಯುತ್ತದೆ. ಒಮ್ಮೆ ಚಪ್ಪಟೆಯಾದ ಹಳೇ ಪ್ಲಗ್ಗನ್ನು ವಾಪಸ್ ಹಾಕುವಾಗ ಇಷ್ಟು ತಿರುಗಿಸಬಾರದು. ಹನ್ನೆರಡನೇ ಒಂದು ಭಾಗ ಸಾಕು, ಅಂದರೆ ಗಡಿಯಾರದಲ್ಲಿ ಒಂದು ಗಂಟೆಯಷ್ಟು. ಥ್ರೆಡ್‌ಗೆ ಗ್ರೀಸ್, ಎಣ್ಣೆ ಹಚ್ಚಿದರೆ ಅದೇ ಬಲಕ್ಕೆ ಪ್ಲಗ್ ಇನ್ನೂ ಜಾಸ್ತಿ ಬಿಗಿಯಾಗುತ್ತದೆ. ಅದಕ್ಕೇ ಚೇಸರ್ ಗ್ರೀಸನ್ನು ಒರೆಸಿಯೇ ಪ್ಲಗ್ ಹಾಕಿದ್ದು. ಬೂಟ್‌ಗಳ ಒಳಬಾಯಿಗೆ ಮಾತ್ರ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದೆವು, ಮುಂದಿನ ಸಲ ಅಂಟಬಾರದು ಅಂತ.

ಎಲ್ಲ ಹಾಕಿದ ಮೇಲೆ ಮಿಸ್ಸಿಂಗ್

ಸ್ಟಾರ್ಟ್ ಆಯಿತು. ಆದರೆ ಮೊದಲಿಗಿಂತ ಜಾಸ್ತಿ ನಡುಕ. ಇಂಜಿನ್ ಚೆಕ್ ಲೈಟ್ ಮಿಣುಕಲು ಶುರುವಾಯಿತು. ಈ ಲೈಟ್ ಸುಮ್ಮನೆ ಉರಿದರೆ ನಿಧಾನಕ್ಕೆ ನೋಡಬಹುದು. ಮಿಣುಕಿದರೆ ಗಾಡಿ ಓಡಿಸಬಾರದು. ಉರಿಯದ ಪೆಟ್ರೋಲ್ ಹೊಗೆ ಪೈಪಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ಅದರ ಬೆಲೆಯ ಮುಂದೆ ಪ್ಲಗ್ ಬೆಲೆ ಏನೂ ಅಲ್ಲ. ಆಫ್ ಮಾಡಿದೆವು. ಕತ್ತಲಾಗಿತ್ತು, ಮಳೆ ಬೇರೆ ಹಿಡಿದಿತ್ತು. ಉಳಿದದ್ದು ಮಂಗಳವಾರಕ್ಕೆ.

ಎಲ್ಲರ ಅನುಮಾನ ಎರಡನೆಯದರ ಮೇಲೆ, ಹಳೇ ಬೂಟ್ ಹಾಕಿದ್ದಲ್ವಾ. ಮಾವನಿಗೆ ಮೂರನೆಯದರ ಮೇಲೂ ಇತ್ತು. ಕಷ್ಟ ಕೊಟ್ಟದ್ದನ್ನೇ ಮೊದಲು ಬಿಚ್ಚಬೇಕು ಅನ್ನಿಸುವುದು ಸಹಜ. ಆದರೆ ಈಗ ತಾನೇ ಸರಿಮಾಡಿದ ಥ್ರೆಡ್ಡನ್ನು ಅನುಮಾನಕ್ಕೆ ಮತ್ತೆ ಬಿಚ್ಚುವುದು ಬೇಡ, ಮೊದಲು ಯಾವ ಸಿಲಿಂಡರ್ ಅಂತ ತಿಳಿಯೋಣ ಎಂದೆ.

ಇಂಜಿನ್ ಆಫ್ ಮಾಡಿ ಒಂದು ಕಾಯಿಲ್‌ನ ಕನೆಕ್ಟರ್ ತೆಗೆದು, ಸ್ಟಾರ್ಟ್ ಮಾಡಿ ಕೆಲವೇ ಸೆಕೆಂಡ್ ಕೇಳಬೇಕು. ಮತ್ತೆ ಆಫ್, ಅದನ್ನು ಹಾಕಿ ಮುಂದಿನದು. ಓಡುವ ಇಂಜಿನ್‌ನಲ್ಲಿ ಕೈ ಹಾಕಬಾರದು, ಅಲ್ಲಿ 20,000 ವೋಲ್ಟ್‌ಗೂ ಮೇಲೆ ಇರುತ್ತದೆ. ಯಾವುದನ್ನು ತೆಗೆದಾಗ ಸದ್ದು ಇನ್ನೂ ಹದಗೆಡುತ್ತದೋ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಯಾವುದನ್ನು ತೆಗೆದರೂ ಬದಲಾವಣೆಯೇ ಇಲ್ಲವೋ ಅದು ಮೊದಲೇ ಸತ್ತಿದೆ.

ಎರಡನೆಯದು ತೆಗೆದಾಗ ಇಂಜಿನ್ ನಿಂತೇಹೋಯಿತು. ಮೂರನೆಯದೂ ಹಾಗೇ. ಒಂದನೆಯದು ತೆಗೆದಾಗ ಏನೂ ಆಗಲಿಲ್ಲ. ಯಾವ ತಕರಾರೂ ಇಲ್ಲದೆ ಸಲೀಸಾಗಿ ಕೂತ ಒಂದನೆಯದು! ಸ್ಕ್ಯಾನರ್ ಹಾಕಿದಾಗ ಅದರಲ್ಲೂ ಪಿ0301, ಒಂದನೇ ಸಿಲಿಂಡರ್ ಮಿಸ್‌ಫೈರ್.

ಒಂದು ಮತ್ತು ಎರಡರ ಕಾಯಿಲ್ ಅದಲುಬದಲು ಮಾಡಿದೆವು. ಕಾಯಿಲ್ ಕೆಟ್ಟಿದ್ದರೆ ತೊಂದರೆ ಅದರ ಜೊತೆ ಎರಡಕ್ಕೆ ಹೋಗಬೇಕಿತ್ತು. ಹೋಗಲಿಲ್ಲ, ಒಂದರಲ್ಲೇ ಉಳಿಯಿತು. ಆಗ ಮೊಟ್ಟೆ ಟ್ರೇ ನೆನಪಾಯಿತು. ಒಂದನೆಯದರ ಹಳೇ ಪ್ಲಗ್ಗನ್ನೇ ಒರೆಸಿ ವಾಪಸ್ ಹಾಕಿದೆವು. ಇಂಜಿನ್ ನಡುಕವಿಲ್ಲದೆ ಓಡಿತು.

ಹೊರಗೆ ಬಂದ ಹೊಸ ಪ್ಲಗ್ ನೋಡಲು ಸರಿಯಾಗೇ ಇತ್ತು. ಗ್ಯಾಪ್ ಸರಿ, ತುದಿ ಶುದ್ಧ. ಬಿಸಿಲಿಗೆ ಹಿಡಿದು ನಿಧಾನ ತಿರುಗಿಸಿದಾಗ ಬಿಳಿ ಪಿಂಗಾಣಿಯ ಮೇಲೆ, ಷಟ್ಕೋನ ಶುರುವಾಗುವಲ್ಲಿ, ಪೆನ್ಸಿಲ್ ಗೆರೆಯಂಥ ಕಪ್ಪು ಎಳೆ. ಉಗುರು ಎಳೆದರೆ ಸಣ್ಣಗೆ ತಡೆಯುತ್ತದೆ. ಪಿಂಗಾಣಿ ಬಿರುಕು ಬಿಟ್ಟಿದೆ, ಕಿಡಿ ಆ ಬಿರುಕಿನಿಂದ ಸೋರಿ ಹೊರಮೈಗೆ ಹಾರಿ ಕರಿ ಹಿಡಿದಿದೆ.

"ಇದು ಎಲ್ಲಾದರೂ ಬಿದ್ದಿತ್ತಾ?" ಅಂತ ಕೇಳಿದೆ. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶನಿವಾರ ಕಣದ ಮೇಲೆ ಬಿತ್ತು. ಆದ್ರೆ ಗ್ಯಾಪ್ ನೋಡಿಯೇ ಹಾಕಿದ್ದು" ಅಂದ. ಅವನು ನೋಡಿದ್ದು ಸರಿಯೇ. ಬಿದ್ದ ಪ್ಲಗ್ಗಿನ ಗ್ಯಾಪ್ ಮುಚ್ಚಿಕೊಂಡಿರಬಹುದು ಅಂತ ಎಲ್ಲರೂ ಹೇಳುತ್ತಾರೆ, ಪಿಂಗಾಣಿ ಬಗ್ಗೆ ಹೇಳುವವರು ಕಡಿಮೆ. ಹೊರಗಿನ ಬಿರುಕು ಹೇಗೋ ಕಣ್ಣಿಗೆ ಬೀಳುತ್ತದೆ. ಷಟ್ಕೋನದ ಒಳಗೆ ಬಿಟ್ಟರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಸಿಮೆಂಟ್ ಮೇಲೆ ಬಿದ್ದ ಪ್ಲಗ್ಗನ್ನು ನಾನು ಗಾಡಿಗೆ ಹಾಕುವುದಿಲ್ಲ.

ಇನ್ನೊಮ್ಮೆ ಮಾಡುವುದಾದರೆ

ಎಲ್ಲ ಮುಗಿದ ಮೇಲೆ ಮೂವರೂ ಕೂತು ಮಾತಾಡಿದೆವು. ಮಾವನ ಪ್ರಕಾರ ಶನಿವಾರ ಮಧ್ಯಾಹ್ನ ಶುರುಮಾಡಿದ್ದೇ ತಪ್ಪು. ಬೆಳಿಗ್ಗೆ ತಣ್ಣನೆಯ ಇಂಜಿನ್‌ನಲ್ಲಿ, ಅಂಗಡಿಗಳು ತೆರೆದಿರುವ ದಿನ ಶುರುಮಾಡಬೇಕಿತ್ತು. ಇದು ನೂರಕ್ಕೆ ನೂರು ಸರಿ. ಪ್ಲಗ್ ತೆಗೆದ ಗಾಡಿಯಲ್ಲಿ ಪ್ಲಗ್ ತರಲು ಹೋಗಲಾಗುವುದಿಲ್ಲ.

ಅಳಿಯ ಬೇರೆ ಹೇಳಿದ. ಮೂರು ಕಾಯಿಲ್ ಮೊದಲೇ ಎತ್ತಿ ಮೂರು ಗುಂಡಿಗೂ ಟಾರ್ಚ್ ಬಿಟ್ಟಿದ್ದರೆ, ಒಂದರಲ್ಲಿ ನೀರಿದೆ ಅಂತ ಮೊದಲೇ ಗೊತ್ತಾಗುತ್ತಿತ್ತು. ಆ ಪ್ಲಗ್ ಕಾಟ ಕೊಡುತ್ತದೆ ಅಂತ ಊಹಿಸಿ, ಅದಕ್ಕೆ ಸ್ಪ್ರೇ ಹೊಡೆದಿಟ್ಟು, ಬೇರೆ ಎರಡರ ಕೆಲಸ ನೋಡಿಕೊಳ್ಳಬಹುದಿತ್ತು. ಈ ಮಾತು ನನಗೆ ಬಹಳ ಹಿಡಿಸಿತು. ಗ್ಯಾರೇಜಿನಲ್ಲೂ ಎಷ್ಟೋ ಹುಡುಗರು ಒಂದೊಂದೇ ಬಿಚ್ಚಿ ಹಾಕುತ್ತಾ ಹೋಗುತ್ತಾರೆ, ಕೊನೆಯ ಗುಂಡಿಯಲ್ಲಿ ಏನಿದೆ ಅಂತ ನೋಡದೆ.

ನಾನು ಸೇರಿಸುವುದು ಸಾಕೆಟ್ ಬಗ್ಗೆ. ರಬ್ಬರ್ ಇರುವ ಪ್ಲಗ್ ಸಾಕೆಟ್ ತೆಗೆದುಕೊಳ್ಳಿ. ಆದರೆ ಅದಕ್ಕೂ ಒಂದು ಕಾಟ ಇದೆ. ಬಿಗಿ ರಬ್ಬರ್ ಇದ್ದರೆ ಪ್ಲಗ್ ಕೂರಿಸಿ ಎಳೆದಾಗ ಸಾಕೆಟ್ ಕೆಳಗೇ ಉಳಿದು ರಾಡ್ ಮಾತ್ರ ಮೇಲೆ ಬರುತ್ತದೆ. ರಾಡ್ ಮತ್ತು ಸಾಕೆಟ್ ಸೇರುವ ಕಡೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿದರೆ ಈ ಫಜೀತಿ ಇಲ್ಲ. ಟೇಪ್ ದಪ್ಪ ಮಾಡಬೇಡಿ, ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ವಾಟರ್ ಸರ್ವಿಸ್ ಬಗ್ಗೆ ಜಗಳ ಆಗುವ ಮಟ್ಟಕ್ಕೆ ಚರ್ಚೆ ಆಯಿತು. ಇಂಜಿನ್ ತೊಳೆಯದೆ ಆಯುಧಪೂಜೆ ಮಾಡುವುದು ಮಾವನಿಗೆ ಒಪ್ಪಿಗೆ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಯಿಲ್ ಇರುವ ಮೇಲ್ಭಾಗಕ್ಕೆ ಪ್ರೆಷರ್ ಪೈಪ್ ಹಿಡಿಸಬೇಡಿ ಅನ್ನುವಲ್ಲಿಗೆ ರಾಜಿ ಆಯಿತು.

ಖರ್ಚು, ಈಗಿನ ಸ್ಥಿತಿ

ಬುಧವಾರ ಅಳಿಯ ಬಸ್ಸಿನಲ್ಲಿ ಹೋಗಿ ಅದೇ ನಂಬರಿನ ಒಂದು ಪ್ಲಗ್ ತಂದ. ಅಂಗಡಿಯವರು ಬೇರೆ ನಂಬರಿನದು ಕೊಡಲು ನೋಡಿದರಂತೆ, ಹಳೇ ಡಬ್ಬಿ ತೋರಿಸಿ ಅದೇ ಬೇಕು ಅಂದನಂತೆ. ಥ್ರೆಡ್ ಉದ್ದ ಒಂದಿಷ್ಟು ಜಾಸ್ತಿಯಾದರೂ ಪಿಸ್ಟನ್‌ಗೆ ತಾಗಬಹುದು, ಹಾಗಾಗಿ ಈ ಹಟ ಒಳ್ಳೆಯದೇ. ಪೆಟ್ರೋಲ್ ಪೈಪ್ ತುಂಡಿನಲ್ಲಿ ಅವನೇ ಇಳಿಸಿ, ಅರ್ಧ ಸುತ್ತು ಬಿಗಿಮಾಡಿದ. ವೈಪರ್ ಕೆಳಗಿನ ಬಿರುಕಿಗೆ ಸಿಲಿಕೋನ್ ಸೀಲಂಟ್ ಹಚ್ಚಿದರು. ಮೂರು ಕಾಯಿಲ್‌ನ ಮೇಲಿನ ಸೀಲ್ ಹೊಸದು ಬೇಕಿತ್ತು, ಬಿಡಿಯಾಗಿ ಸಿಗಲಿಲ್ಲ. ಸದ್ಯ ಹಳೆಯದೇ ಇದೆ.

ನಾಲ್ಕು ಪ್ಲಗ್, ಸಾಕೆಟ್ ಸೆಟ್, ಸ್ಪ್ರೇ, ಗ್ರೀಸ್ ಎಲ್ಲ ಸೇರಿ ಗ್ಯಾರೇಜಿನಲ್ಲಿ ಕೊಡುವುದಕ್ಕಿಂತ ಜಾಸ್ತಿಯೇ ಆಯಿತು. ಸಾಕೆಟ್ ಮನೆಯಲ್ಲಿ ಉಳಿಯಿತು ಅಂತ ಮಾವ ಸಮಾಧಾನ ಮಾಡಿಕೊಂಡರು.

ಗಾಡಿ ಬೋಯಿಕೇರಿ ಏರನ್ನು ನಾಲ್ಕು ಜನ ಕೂತರೂ ಮೂರನೇ ಗೇರಿನಲ್ಲಿ ಹತ್ತುತ್ತಿದೆ. ಒಂದು ಸಾವಿರ ಕಿ.ಮೀ. ಆದ ಮೇಲೆ ಮೂರನೇ ಕಾಯಿಲ್ ಮಾತ್ರ ಎತ್ತಿ ನೋಡಿದೆವು, ಗುಂಡಿ ಒಣಗಿತ್ತು, ವಾಷರ್ ಸುತ್ತ ಗ್ಯಾಸ್ ಸೋರಿದ ಕಪ್ಪು ಕಲೆ ಇರಲಿಲ್ಲ. ಪ್ಲಗ್ಗನ್ನು ಮುಟ್ಟಲಿಲ್ಲ. ಆ ತೂತಿನ ಥ್ರೆಡ್ ಸ್ವಲ್ಪ ಸವೆದಿರುವುದು ನಿಜ, ಇನ್ನೊಮ್ಮೆ ಬಿಚ್ಚುವಾಗ ಉಳಿಯುತ್ತದೋ ಇಲ್ಲವೋ ಆಗಲೇ ಗೊತ್ತಾಗಬೇಕು. ಅದಕ್ಕೇ ಆ ಒಂದು ಜಾಗಕ್ಕೆ ಮುಂದಿನ ಸಲ ಇರಿಡಿಯಂ ಪ್ಲಗ್ ಹಾಕಿದರೆ ಬಿಚ್ಚುವ ಸರದಿ ಕಡಿಮೆಯಾಗುತ್ತದಲ್ಲ ಅಂತ ಅಳಿಯ ಕೇಳಿದ. ಹಾಕುವುದಾದರೆ ಮೂರಕ್ಕೂ ಹಾಕಿ, ಒಂದೇ ಇಂಜಿನ್‌ನಲ್ಲಿ ಎರಡು ಜಾತಿ ಬೇಡ ಅಂದಿದ್ದೇನೆ. ಮಾವ ಬೆಲೆ ಕೇಳಿ ಇನ್ನೂ ಉತ್ತರ ಕೊಟ್ಟಿಲ್ಲ.